ಡ್ರಮ್ಮಿನ ಮೇಲಿನ ಹೆಸರು ಯಾರದು?

ಲಗ್ನದ ತಿಂಗಳುಗಳಲ್ಲಿ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುವಾಗ ದಾರಿಯ ಯಾವುದಾದರೂ ಕಲ್ಯಾಣ ಮಂಟಪದ ಮುಂದೆ ನಿಂತು ನೋಡಿ. ಮೊದಲು ಕಣ್ಣಿಗೆ ಬೀಳುವುದು ಬ್ಯಾಂಡ್ ಸೆಟ್‌ನವರ ದೊಡ್ಡ ಡ್ರಮ್ಮು. ಅದರ ಮುಖದ ಮೇಲೆ ಕೆಂಪು ಹಳದಿ ಬಣ್ಣದಲ್ಲಿ ತಂಡದ ಹೆಸರು, ಅದರ ಕೆಳಗೆ ಊರು, ಇನ್ನೂ ಕೆಳಗೆ ಮೊಬೈಲ್ ನಂಬರು. ಅದೇ ಹೆಸರು ಟೆಂಪೊದ ಗಾಜಿನ ಮೇಲೆ, ಸಮವಸ್ತ್ರದ ಜೇಬಿನ ಮೇಲೆ, ಲೈಟಿನ ಗಾಡಿಯ ಹಲಗೆಯ ಮೇಲೆ. ಸ್ಯಾಕ್ಸೊಫೋನ್ ಕೆಟ್ಟರೆ ಇನ್ನೊಂದು ತರಬಹುದು, ಟ್ರಂಪೆಟ್ ಊದುವವನು ಬಿಟ್ಟುಹೋದರೆ ಮತ್ತೊಬ್ಬನನ್ನು ಕರೆಯಬಹುದು. ಆದರೆ ಊರೂರು ಅಲೆದು, ಬಿಸಿಲಲ್ಲಿ ನಿಂತು, ರಾತ್ರಿಯೆಲ್ಲ ಮೆರವಣಿಗೆಯಲ್ಲಿ ನಡೆದು ಗಳಿಸಿದ ಆ ಹೆಸರು ಕೈತಪ್ಪಿದರೆ ಮುಂದಿನ ವರ್ಷದ ಬುಕಿಂಗೇ ಕೈತಪ್ಪಿದಂತೆ. ತಂಡದ ಆಸ್ತಿ ಎಂದು ಏನಾದರೂ ಇದ್ದರೆ ಅದು ಹೆಸರೇ. ವಾದ್ಯಕ್ಕೆ ರಸೀದಿ ಇರುತ್ತದೆ, ಟೆಂಪೊಗೆ ಆರ್‌ಸಿ ಇರುತ್ತದೆ. ಹೆಸರಿಗೆ ಮಾತ್ರ ಒಂದು ಚೂರು ಕಾಗದವೂ ಇರುವುದಿಲ್ಲ.

ತಂಡ ಒಡೆಯುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಅಡ್ವಾನ್ಸ್ ಹಣದ ಲೆಕ್ಕ ಸರಿಹೋಗದಿದ್ದರೆ ಸಾಕು, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡರೂ ಸಾಕು. ಒಡೆದ ಮೇಲೆ ಎರಡೂ ಕಡೆಯವರು ಅದೇ ಹೆಸರಿನಲ್ಲಿ ಹೊರಡುತ್ತಾರೆ. ಒಬ್ಬರು ಹಿಂದೆ ‘ನ್ಯೂ’ ಹಚ್ಚಿಕೊಳ್ಳುತ್ತಾರೆ, ಇನ್ನೊಬ್ಬರು ‘ಒರಿಜಿನಲ್’ ಎನ್ನುತ್ತಾರೆ. ಅಕ್ಕನ ಮದುವೆಯಲ್ಲಿ ನುಡಿಸಿದವರೇ ತಂಗಿಯ ಮದುವೆಗೂ ಬರುತ್ತಾರೆಂದು ಮನೆಯವರು ಮುಂಗಡ ಕೊಟ್ಟಿರುತ್ತಾರೆ, ಟೆಂಪೊದಿಂದ ಇಳಿಯುವವರು ಬೇರೆಯೇ ಮುಖಗಳು. ಇಂಥ ಜಗಳ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಅಪರೂಪ. ಊರ ಹಿರಿಯರ ಮುಂದೆ ಕೂತು ಮುಗಿಯುತ್ತದೆ, ಬಹಳ ಸಲ ಗಂಟಲು ಗಟ್ಟಿಯಿದ್ದವರ ಕಡೆಗೇ ಮುಗಿಯುತ್ತದೆ.

ಇದನ್ನು ಸಣ್ಣ ವಿಷಯ ಎಂದು ತಳ್ಳಿಹಾಕಲು ನನ್ನಿಂದಾಗದು. ಈ ಸೀಮೆಯಲ್ಲಿ ವಾದ್ಯದವರಿಗೆ ತಮ್ಮದೇ ಹೆಸರು ಸಿಕ್ಕಿದ್ದು ಇತ್ತೀಚೆಗೆ. ಊರ ಹಬ್ಬಕ್ಕೆ, ಸಾವಿಗೆ, ಸಾರು ಹಾಕುವುದಕ್ಕೆ ತಮಟೆ ಬಡಿಯುವುದು ಹಿಂದೆ ದಲಿತ ಕೇರಿಯ ಮೇಲೆ ಹೇರಿದ ಚಾಕರಿಯಾಗಿತ್ತು. ಬಡಿದವರಿಗೆ ಹಿಡಿ ಕಾಳು ಸಿಕ್ಕರೆ ಅದೇ ಹೆಚ್ಚು. ಅವರ ಹೆಸರು ಕೇಳುವ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಅಂಥ ಕಡೆಯಿಂದ ಬಂದ ತಮಟೆ ವಾದಕ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಹೆಸರು ಅವರ ಹೆಸರಿನ ಜೊತೆಗೇ ರಾಷ್ಟ್ರಪತಿ ಭವನದವರೆಗೆ ಹೋಯಿತು. ಇವತ್ತು ‘ತಮಟೆ ಕಲಾ ತಂಡ’ ಎಂದು ಬ್ಯಾನರ್ ಕಟ್ಟಿಕೊಂಡು ದಸರಾ, ರಾಜ್ಯೋತ್ಸವ, ಗಣೇಶನ ಮೆರವಣಿಗೆಗಳಿಗೆ ಹೊರಡುವ ಹುಡುಗರ ಮಟ್ಟಿಗೆ ಬ್ಯಾನರಿನ ಮೇಲಿನ ಹೆಸರು ಜಾಹೀರಾತು ಮಾತ್ರವಲ್ಲ. ಹೆಸರಿಲ್ಲದೆ ದುಡಿದವರ ಮೊಮ್ಮಕ್ಕಳು ತಾವೇ ಇಟ್ಟುಕೊಂಡ ಹೆಸರು ಅದು. ಅದನ್ನು ಇನ್ನೊಬ್ಬ ಎತ್ತಿಕೊಂಡು ಹೋದರೆ ಸುಮ್ಮನಿರಿ ಎಂದು ಯಾವ ಬಾಯಲ್ಲಿ ಹೇಳುವುದು?

ಹಾಗಾದರೆ ಕಾನೂನು ಏನನ್ನುತ್ತದೆ? ‘ನಮ್ಮ ಹೆಸರಿಗೆ ಕಾಪಿರೈಟ್ ಇದೆ’ ಎನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು, ಆದರೆ ತಪ್ಪು. ಹಾಡಿಗೆ, ಧ್ವನಿಮುದ್ರಣಕ್ಕೆ, ನಾಟಕಕ್ಕೆ ಕೃತಿಸ್ವಾಮ್ಯ ಉಂಟು. ಒಂದೆರಡು ಪದಗಳ ಹೆಸರಿಗೆ ಇಲ್ಲ. ಸಿನಿಮಾ ಶೀರ್ಷಿಕೆಯ ವಿಷಯದಲ್ಲೂ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನೇ ಹೇಳಿತು. ಹೆಸರಿಗೆ ಆಸರೆ 1999ರ ಟ್ರೇಡ್ ಮಾರ್ಕ್ ಕಾಯ್ದೆ. ಮನರಂಜನೆಯ ಸೇವೆ ಅದರ ಪಟ್ಟಿಯಲ್ಲಿ 41ನೇ ವರ್ಗಕ್ಕೆ ಸೇರುತ್ತದೆ. ತಂಡದವರು ತಮ್ಮ ಹಾಡುಗಳನ್ನು ಧ್ವನಿಮುದ್ರಿಸಿ ಮಾರುವುದಾದರೆ 9ನೇ ವರ್ಗ, ಹೆಸರು ಅಚ್ಚು ಹಾಕಿದ ಟೀ ಶರ್ಟ್ ಮಾರುವುದಾದರೆ 25ನೇ ವರ್ಗ.

ನೋಂದಣಿ ಮಾಡಿಸಿಲ್ಲದವರ ಗತಿ? ಅವರಿಗೂ ದಾರಿ ಮುಚ್ಚಿಲ್ಲ. ಒಬ್ಬರು ಗಳಿಸಿದ ಹೆಸರನ್ನು ಇನ್ನೊಬ್ಬರು ತಮ್ಮದೆಂಬಂತೆ ತೋರಿಸಿ ಗಿರಾಕಿಯನ್ನು ಮರುಳು ಮಾಡುವುದನ್ನು ವಕೀಲರು ‘ಪಾಸಿಂಗ್ ಆಫ್’ ಎನ್ನುತ್ತಾರೆ. ಕಾಯ್ದೆಯ 27ನೇ ಕಲಮು ಅದರ ವಿರುದ್ಧ ದಾವೆ ಹೂಡುವ ಹಕ್ಕನ್ನು ಉಳಿಸಿಕೊಟ್ಟಿದೆ. ನಮ್ಮ ಬ್ಯಾಂಡ್ ಸೆಟ್‌ನವರಿಗೆ ಬಹಳ ಹತ್ತಿರದ ಉದಾಹರಣೆ ಅಹಮದಾಬಾದಿನ ಒಂದು ಫೋಟೊ ಸ್ಟುಡಿಯೊದ್ದು. ‘ಮುಕ್ತಜೀವನ್ ಕಲರ್ ಲ್ಯಾಬ್’ ಎಂಬ ಹೆಸರಿನಲ್ಲಿ ವರ್ಷಗಳಿಂದ ವ್ಯಾಪಾರ ಮಾಡಿಕೊಂಡಿದ್ದ ಲಕ್ಷ್ಮಿಕಾಂತ್ ಪಟೇಲ್ ಅವರು ಅದೇ ನಗರದಲ್ಲಿ ಮತ್ತೊಬ್ಬರು ಅದೇ ಹೆಸರಿಡಲು ಹೊರಟಾಗ ಕೋರ್ಟಿಗೆ ಹೋದರು. ಕೆಳಗಿನ ಎರಡು ನ್ಯಾಯಾಲಯಗಳು ತಡೆಯಾಜ್ಞೆ ಕೊಡಲಿಲ್ಲ, 2001ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿತು. ಕಾರ್ಖಾನೆಯಿಲ್ಲ, ದೇಶವಿಡೀ ಮಳಿಗೆಗಳಿಲ್ಲ. ಮದುವೆ ಮುಂಜಿಯನ್ನು ನಂಬಿಕೊಂಡ ಊರಿನ ಒಂದು ಸ್ಟುಡಿಯೊ. ಅದರ ಹೆಸರನ್ನೂ ದೇಶದ ಅತ್ಯುನ್ನತ ನ್ಯಾಯಾಲಯ ಕಾಪಾಡಬೇಕಾದ ಸ್ವತ್ತೆಂದು ಕಂಡಿತು. ತಿರುನೆಲ್ವೇಲಿಯ ‘ಇರುಟ್ಟುಕಡೈ’ ಹಲ್ವದ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಎದುರಾಳಿಯ ಬಳಿ ನೋಂದಣಿ ಇದ್ದರೂ ಮೊದಲಿನಿಂದ ಹೆಸರು ಬಳಸಿದವರ ಹಕ್ಕೇ ಮೇಲು ಎಂದು 2015ರಲ್ಲಿ ತೀರ್ಪಾಯಿತು.

ಮೊದಲಿನಿಂದ ಬಳಸಿದ್ದೇವೆ ಎಂದು ಸಾಬೀತು ಮಾಡುವುದು ಹೇಗೆ ಎನ್ನುವಲ್ಲೇ ನಮ್ಮವರು ಸೋಲುವುದು. ನ್ಯಾಯಾಧೀಶರ ಮುಂದೆ ‘ಇಡೀ ಚಿಂತಾಮಣಿಗೇ ಗೊತ್ತು ಸ್ವಾಮಿ’ ಎಂದರೆ ನಡೆಯುವುದಿಲ್ಲ. ತಂಡದ ಹೆಸರು ಅಚ್ಚಾದ ಹಳೆಯ ಕರಪತ್ರ, ಜಾತ್ರೆಯ ಪೋಸ್ಟರು, ದೇವಸ್ಥಾನ ಸಮಿತಿ ಕೊಟ್ಟ ಕಾರ್ಯಕ್ರಮ ಪಟ್ಟಿ, ಮುಂಗಡ ಬರೆದಿಟ್ಟ ನೋಟ್‌ಬುಕ್ಕು, ಬ್ಯಾಂಕ್ ಪಾಸ್‌ಬುಕ್ಕು, ಹೆಸರು ಕಾಣುವ ಮದುವೆಯ ಆಲ್ಬಂ ಫೋಟೊ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಾರ್ಯಕ್ರಮದ ಆದೇಶ ಪತ್ರ, ಇವೆಲ್ಲ ಪುರಾವೆ. ನಂದಿ ಗ್ರಾಮದ ಶಿವರಾತ್ರಿ ಜಾತ್ರೆಗೆ, ಕೈವಾರದ ಗುರುಪೂಜಾ ಸಂಗೀತೋತ್ಸವಕ್ಕೆ, ಮುರುಗಮಲ್ಲದ ದರ್ಗಾದ ಉರುಸ್‌ಗೆ ಹೋಗಿ ಬಂದ ತಂಡಗಳ ಬಳಿ ಇಂಥ ಕಾಗದ ಇರಲೇಬೇಕು. ಆದರೆ ಅವು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗಿರುತ್ತವೆ, ಇಲ್ಲವೇ ಹೊಸ ಬ್ಯಾನರ್ ಬಂದ ದಿನವೇ ಹಳೆಯದು ಟೊಮೆಟೊ ಕ್ರೇಟಿಗೆ ಹೊದಿಕೆಯಾಗಿರುತ್ತದೆ. ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ವರ್ಷಕ್ಕೆ ನಾಲ್ಕು ಕಾಗದ ಸೇರಿಸಿಟ್ಟರೆ ಸಾಕು, ಮುಂದೊಂದು ದಿನ ಅದೇ ತಂಡವನ್ನು ಉಳಿಸುತ್ತದೆ.

ಈಗ ದೇವರ ಹೆಸರಿನ ಮಾತು. ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಓಲಗದವರು, ಬ್ಯಾಂಡ್‌ನವರು, ಭಜನೆ, ಕೋಲಾಟ, ಪೌರಾಣಿಕ ನಾಟಕದವರು ಹೆಚ್ಚಾಗಿ ಇಡುವುದು ದೇವರ ಹೆಸರನ್ನೇ. ಭಕ್ತಿಯಿಂದ ಇಟ್ಟ ಹೆಸರನ್ನು ತೆಗೆಯಿರಿ ಎಂದು ನಾನು ಹೇಳಲಾರೆ. ಆದರೆ ಆಂಜನೇಯ, ವೆಂಕಟೇಶ್ವರ, ಗಂಗಮ್ಮ ಎಂದಷ್ಟೇ ಇಟ್ಟರೆ ಕಾನೂನಿನ ಕಣ್ಣಲ್ಲಿ ಅದು ಬಡ ಹೆಸರು. ಅಗರಬತ್ತಿಗೆ ‘ರಾಮಾಯಣ’ ಎಂದು ಟ್ರೇಡ್ ಮಾರ್ಕ್ ಕೇಳಿದವರಿಗೆ ಸುಪ್ರೀಂ ಕೋರ್ಟ್ 2015ರಲ್ಲಿ ಇಲ್ಲವೆಂದಿತು. ಪವಿತ್ರ ಗ್ರಂಥದ ಹೆಸರು ಒಬ್ಬರ ಸ್ವತ್ತಾಗದು, ಬೇರೆ ಪದ ಸೇರಿಸಿ ಅದಕ್ಕೊಂದು ಪ್ರತ್ಯೇಕತೆ ಬಂದರೆ ನೋಡಬಹುದು ಎಂಬ ಧಾಟಿಯಲ್ಲಿ ಹೇಳಿತು. ನಮ್ಮ ಮನೆಮಾತಾದ ‘ನಂದಿನಿ’ ಹಾಲಿನ ಪ್ರಕರಣವೂ ಇದಕ್ಕೆ ಹತ್ತಿರದ್ದೇ. ಕರ್ನಾಟಕ ಹಾಲು ಮಹಾಮಂಡಳ ಆ ಹೆಸರನ್ನು 1985ರಿಂದ ಬಳಸುತ್ತಿತ್ತು, ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ. ವರ್ಷಗಟ್ಟಲೆ ನಡೆದ ವ್ಯಾಜ್ಯ 2018ರ ಜುಲೈ 26ರಂದು ಸುಪ್ರೀಂ ಕೋರ್ಟಿನಲ್ಲಿ ಮುಗಿದಾಗ ಹೋಟೆಲಿನವರ ಪರ ತೀರ್ಪಾಯಿತು. ನಂದಿನಿ ಎನ್ನುವುದು ದೇವತೆಯ, ಪುರಾಣದ ಹಸುವಿನ ಹೆಸರು, ಯಾರೂ ಹೊಸದಾಗಿ ಹುಟ್ಟಿಸಿದ್ದಲ್ಲ ಎಂಬುದೂ ಅಲ್ಲಿ ಗಣನೆಗೆ ಬಂತು. ಅಷ್ಟು ದೊಡ್ಡ ಮಹಾಮಂಡಳಕ್ಕೇ ಒಂದು ಹೆಸರಿನ ಮೇಲೆ ಎಲ್ಲ ಕಡೆಯ ಹಕ್ಕು ಸಿಗಲಿಲ್ಲ. ಬರೀ ದೇವರ ಹೆಸರಿಟ್ಟುಕೊಂಡ ವಾಲಗದ ತಂಡ ಅದನ್ನು ಎಷ್ಟು ಕಾಪಾಡಿಕೊಂಡೀತು?

ಬರೀ ಊರ ಹೆಸರಿಟ್ಟರೂ ಇದೇ ಪಾಡು. ಗೌರಿಬಿದನೂರು ಬ್ಯಾಂಡ್ ಎಂದರೆ ಗೌರಿಬಿದನೂರಿನ ಎಲ್ಲ ಬ್ಯಾಂಡೂ ಹೌದಲ್ಲ.

ಹಳಬರು ಈ ಕಾನೂನುಗಳು ಬರುವ ಮೊದಲೇ ಉಪಾಯ ಕಂಡುಕೊಂಡಿದ್ದರು ಅನ್ನಿಸುತ್ತದೆ. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಹೆಸರು ನೋಡಿ: ಶ್ರೀ ಗುಬ್ಬಿ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಹೊನ್ನಾವರದ ಕಡೆಯ ಯಕ್ಷಗಾನ ಮೇಳ 1934ರಲ್ಲಿ ಇಟ್ಟುಕೊಂಡದ್ದು ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ, ಕೆರೆಮನೆ. ದೇವರು, ಊರು, ಕೆಲವೊಮ್ಮೆ ಮನೆತನ, ಎಲ್ಲ ಸೇರಿ ಒಂದೇ ಹೆಸರು. ಅಷ್ಟುದ್ದದ ಹೆಸರನ್ನು ಯಾರೂ ಕದ್ದು ಬಳಸಲಾರರು. ಬಳಸಿದರೂ ಮೂರನೆಯ ಪದಕ್ಕೆ ಸಿಕ್ಕಿಬೀಳುತ್ತಾರೆ. ಈಗಿನ ಬ್ಯಾಂಡುಗಳಲ್ಲಿ ಬೇರೆ ದಾರಿ ಕಾಣುತ್ತದೆ. ರಘು ದೀಕ್ಷಿತ್ ಮೊದಲು ಕಟ್ಟಿದ ತಂಡ ‘ಅಂತರಾಗ್ನಿ’, ಆಮೇಲೆ ಬಂದದ್ದು ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ವ್ಯಕ್ತಿಯ ಹೆಸರೇ ತಂಡದ್ದಾದರೆ ಸದಸ್ಯರು ಬದಲಾದರೂ ಹೆಸರು ಯಾರದೆಂಬ ಪ್ರಶ್ನೆ ಏಳುವುದಿಲ್ಲ. ತೀರಿಕೊಂಡ ಗುರುವಿನ ಹೆಸರಿಡುವವರು ಮಾತ್ರ ಒಂದು ಸಂಗತಿ ತಿಳಿದಿರಬೇಕು. ಬದುಕಿರುವವರ ಅಥವಾ ತೀರಿಕೊಂಡು 20 ವರ್ಷ ದಾಟದವರ ಹೆಸರನ್ನು ನೋಂದಾಯಿಸಲು ಹೋದರೆ, ಅವರ ಅಥವಾ ಅವರ ವಾರಸುದಾರರ ಲಿಖಿತ ಒಪ್ಪಿಗೆಯನ್ನು ರಿಜಿಸ್ಟ್ರಾರ್ ಕೇಳಬಹುದು.

ಹೊರಗಿನವರು ಹೆಸರು ಕದಿಯುವುದು ಒಂದು ತೊಂದರೆ. ಒಳಗಿನವರೇ ಹೆಸರಿಗಾಗಿ ಕಿತ್ತಾಡುವುದು ಅದಕ್ಕಿಂತ ದೊಡ್ಡದು, ಹೆಚ್ಚು ನೋವಿನದು.

ಇಂಗ್ಲೆಂಡಿನ ‘ಸ್ಯಾಕ್ಸನ್’ ಎಂಬ ಹೆವಿ ಮೆಟಲ್ ಬ್ಯಾಂಡಿನ ಕಥೆ ಈ ವಿಷಯದಲ್ಲಿ ನಮಗೆ ಪಾಠದಂತಿದೆ. ತಂಡ ಬಿಟ್ಟ ಇಬ್ಬರು ಹಳೆಯ ಸದಸ್ಯರು ಆ ಹೆಸರನ್ನು ತಮ್ಮ ಹೆಸರಿಗೆ ಟ್ರೇಡ್ ಮಾರ್ಕ್ ಮಾಡಿಸಿಕೊಂಡರು. ಮೊದಲಿನಿಂದಲೂ ಹಾಡುತ್ತ ಉಳಿದಿದ್ದ ಬಿಫ್ ಬೈಫೋರ್ಡ್ ಅದನ್ನು ಪ್ರಶ್ನಿಸಿದರು. 2003ರಲ್ಲಿ ನ್ಯಾಯಮೂರ್ತಿ ಲ್ಯಾಡಿ ಕೊಟ್ಟ ತೀರ್ಪಿನ ತಿರುಳು ಇಷ್ಟು: ಬೇರೆ ಒಪ್ಪಂದ ಇಲ್ಲದಿದ್ದರೆ ತಂಡವೆಂದರೆ ಪಾಲುದಾರಿಕೆ, ಹೆಸರು ಪಾಲುದಾರಿಕೆಯ ಸ್ವತ್ತು, ಯಾವ ಸದಸ್ಯನೂ ಅದನ್ನು ಒಬ್ಬನೇ ಹೊತ್ತುಕೊಂಡು ಹೋಗುವಂತಿಲ್ಲ. ನೋಂದಣಿ ಅಸಿಂಧುವಾಯಿತು. ಅಮೆರಿಕದಲ್ಲಿ ಮೈಕೆಲ್ ಜಾಕ್ಸನ್ ಮತ್ತು ಅಣ್ಣಂದಿರು 1970ರ ದಶಕದ ನಡುವೆ ಮೋಟೌನ್ ಕಂಪನಿ ಬಿಟ್ಟಾಗ ಇನ್ನೂ ಕೆಟ್ಟದ್ದಾಯಿತು. ‘ಜಾಕ್ಸನ್ 5’ ಎಂಬ ಹೆಸರು ಕಂಪನಿಯ ಕೈಯಲ್ಲಿತ್ತು. ಸ್ವಂತ ಮನೆತನದ ಹೆಸರಿದ್ದ ತಂಡವನ್ನೇ ಬಿಟ್ಟು ಅವರು ‘ದಿ ಜಾಕ್ಸನ್ಸ್’ ಆಗಬೇಕಾಯಿತು.

ನಮ್ಮ ಕಾನೂನೂ ಸ್ಯಾಕ್ಸನ್ ತೀರ್ಪಿನ ದಾರಿಗೆ ದೂರವಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಪಾಲುದಾರಿಕೆಗೆ ಬರಹವೇ ಇರಬೇಕೆಂದಿಲ್ಲ. ಎಲ್ಲರೂ ಸೇರಿ ವ್ಯಾಪಾರ ಮಾಡಿ ಲಾಭ ಹಂಚಿಕೊಳ್ಳುತ್ತೇವೆ ಎಂಬ ಒಪ್ಪಂದ ಇದ್ದರೆ ಸಾಕು, ಅದು ಬಾಯಿಮಾತಿನದಾದರೂ ಸರಿ. ಆದ್ದರಿಂದ ತಂಡದಲ್ಲಿ ಹಣ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಮಾಲೀಕ ವಾದ್ಯ, ಬಟ್ಟೆ, ಗಾಡಿ ಎಲ್ಲ ಹಾಕಿ ಉಳಿದವರಿಗೆ ಕಾರ್ಯಕ್ರಮಕ್ಕಿಷ್ಟು ಎಂದು ಕೂಲಿ ಕೊಡುತ್ತಿದ್ದರೆ ಹೆಸರು ಬಹುಮಟ್ಟಿಗೆ ಆ ಮಾಲೀಕನದು. ಬಂದದ್ದರಲ್ಲಿ ಖರ್ಚು ಕಳೆದು ಎಲ್ಲರೂ ಪಾಲು ಮಾಡಿಕೊಳ್ಳುತ್ತಿದ್ದರೆ, ತಮಟೆ ಮತ್ತು ಭಜನೆ ತಂಡಗಳಲ್ಲಿ ಹೆಚ್ಚಾಗಿ ಇರುವುದು ಇದೇ ಪದ್ಧತಿ, ಹೆಸರು ಎಲ್ಲರದೂ ಆಗುತ್ತದೆ. ತಂಡ ವಿಸರ್ಜನೆಯಾದರೆ ಲೆಕ್ಕ ಪೂರ್ತಿ ಮುಗಿಯುವವರೆಗೆ ಒಬ್ಬ ಪಾಲುದಾರ ಆ ಹೆಸರಿನಲ್ಲಿ ವ್ಯಾಪಾರ ಮಾಡದಂತೆ ಇನ್ನೊಬ್ಬ ತಡೆಯಬಹುದು. ಅದು 53ನೇ ಕಲಮು. ಹೆಸರಿನ ಬೆಲೆ ಕಟ್ಟಿ ಒಬ್ಬರಿಗೇ ಮಾರಲೂಬಹುದು, ಕೊಂಡವರಿಗೆ ಅದನ್ನು ಬಳಸುವ ಹಕ್ಕು ಸಿಗುತ್ತದೆ. ಇನ್ನು, ನೋಂದಣಿಯಾಗದ ಪಾಲುದಾರಿಕೆ ದಾವೆ ಹೂಡುವಂತಿಲ್ಲ ಎಂದು ಹೆದರಿಸುವವರು ಇರುತ್ತಾರೆ. ಒಪ್ಪಂದದಿಂದ ಬಂದ ಹಕ್ಕಿನ ಮಟ್ಟಿಗೆ ಅದು ನಿಜ. ಟ್ರೇಡ್ ಮಾರ್ಕ್ ಹಕ್ಕು, ಪಾಸಿಂಗ್ ಆಫ್ ದಾವೆಗಳಿಗೆ ಆ ಅಡ್ಡಿ ಇಲ್ಲ ಎಂದು 2000ದಲ್ಲಿ ಹಲ್ದಿರಾಮ್ ಕುಟುಂಬದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ.

ಕಾಗದದ ಬಲ ಎಷ್ಟೆಂಬುದನ್ನು ಕನ್ನಡದ ಕಲಾಲೋಕ ಕಂಡದ್ದು ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ವ್ಯಾಜ್ಯದಲ್ಲಿ. ಅದು ಹೆಸರಿನದಲ್ಲ, ಕೃತಿಸ್ವಾಮ್ಯದ್ದು. ಆದರೂ ಇಲ್ಲಿ ನೆನೆಯಲೇಬೇಕು. ಕಾರಂತರು ಹೊಸದಾಗಿ ರೂಪಿಸಿದ ಪ್ರಸಂಗಗಳನ್ನು ಆಡುತ್ತಿದ್ದ ಯಕ್ಷಗಾನ ಕೇಂದ್ರವನ್ನು ನಡೆಸುತ್ತಿದ್ದದ್ದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್. ಕಾರಂತರು 1994ರಲ್ಲಿ ಬರೆದ ಉಯಿಲಿನಲ್ಲಿ ಹಕ್ಕುಗಳನ್ನು ಬಿ. ಮಾಲಿನಿ ಮಲ್ಯ ಅವರಿಗೆ ಕೊಟ್ಟಿದ್ದರು, 1997ರಲ್ಲಿ ತೀರಿಕೊಂಡರು. ಆ ಮೇಲೆ ‘ಅಭಿಮನ್ಯು ವಧೆ’ಯ ಪ್ರದರ್ಶನವನ್ನು ಮಾಲಿನಿ ಮಲ್ಯ ಪ್ರಶ್ನಿಸಿದರು. ಉಡುಪಿಯ ನ್ಯಾಯಾಲಯದಿಂದ ಹೈಕೋರ್ಟು, ಅಲ್ಲಿಂದ ಸುಪ್ರೀಂ ಕೋರ್ಟು. 2009ರ ಜನವರಿ 23ರ ತೀರ್ಪಿನಲ್ಲಿ ಹಕ್ಕು ಉಯಿಲಿನಂತೆ ಮಾಲಿನಿ ಮಲ್ಯರದೇ ಎಂದಾಯಿತು, ಕಾಯ್ದೆ ಶೈಕ್ಷಣಿಕ ಪ್ರದರ್ಶನಗಳಿಗೆ ಕೊಟ್ಟಿರುವ ವಿನಾಯಿತಿಯನ್ನು ಮಾತ್ರ ಉಳಿಸಲಾಯಿತು. ಕುಣಿದವರು, ಭಾಗವತಿಕೆ ಮಾಡಿದವರು, ಸಾಕಿ ಸಲಹಿದ ಸಂಸ್ಥೆ ಎಲ್ಲವೂ ಇದ್ದವು. ಕೋರ್ಟಿನಲ್ಲಿ ಗೆದ್ದದ್ದು ಬರೆದಿಟ್ಟ ಉಯಿಲು. ಕಾರಂತರು ಬರೆದಿಟ್ಟು ಹೋದರು. ನಮ್ಮ ತಂಡದ ಹಿರಿಯರು ಬರೆದಿಡದೆ ಹೋಗುತ್ತಾರೆ, ಮಕ್ಕಳು ಶಿಷ್ಯರು ಬಡಿದಾಡುತ್ತಾರೆ.

ಸಂಘ ಮಾಡಿಕೊಂಡಿದ್ದೇವಲ್ಲ, ಸಾಲದೆ ಎನ್ನುವವರಿದ್ದಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಕಲಾ ಸಂಘ ನೋಂದಾಯಿಸಬಹುದು, ಸರ್ಕಾರದ ಧನಸಹಾಯ ಕೇಳಲು ಅದು ಉಪಯೋಗಕ್ಕೂ ಬರುತ್ತದೆ. ಆದರೆ ಆ ಪ್ರಮಾಣಪತ್ರ ಟ್ರೇಡ್ ಮಾರ್ಕ್ ಅಲ್ಲ.

ಟ್ರೇಡ್ ಮಾರ್ಕ್ ಮಾಡಿಸುವುದು ಜನ ತಿಳಿದಷ್ಟು ದುಬಾರಿಯೂ ಅಲ್ಲ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ಆನ್‌ಲೈನಿನಲ್ಲೇ ಸಲ್ಲಿಸಬಹುದು. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ 2017ರ ನಿಯಮಗಳು ನಿಗದಿ ಮಾಡಿದ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ವಕೀಲರ ಫೀಸು ಬೇರೆ. ಮೊದಲು ಅದೇ ಹೆಸರನ್ನು ಯಾರಾದರೂ ನೋಂದಾಯಿಸಿದ್ದಾರೆಯೇ ಎಂದು ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಹುಡುಕಬೇಕು. ಎಂದಿನಿಂದ ಹೆಸರು ಬಳಸುತ್ತಿದ್ದೀರಿ ಎಂದು ಅರ್ಜಿಯಲ್ಲಿ ಕೇಳುತ್ತಾರೆ. ಹಳೆಯ ತಾರೀಖು ಹಾಕಿದರೆ ಅಫಿಡವಿಟ್ಟಿನ ಜೊತೆ ದಾಖಲೆ ಕೊಡಬೇಕು, ಆ ಪ್ಲಾಸ್ಟಿಕ್ ಫೈಲು ಕೆಲಸಕ್ಕೆ ಬರುವುದು ಇಲ್ಲೇ. ಪರಿಶೀಲನೆ ಮುಗಿದು ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಕ್ಕೆ ನಾಲ್ಕು ತಿಂಗಳ ಕಾಲಾವಕಾಶ. ಸಿಕ್ಕ ನೋಂದಣಿ ಅರ್ಜಿಯ ದಿನದಿಂದ 10 ವರ್ಷಕ್ಕೆ, ನವೀಕರಿಸುತ್ತ ಹೋದರೆ ಎಷ್ಟು ಕಾಲವಾದರೂ ನಡೆಯುತ್ತದೆ. ಅರ್ಜಿ ಹಾಕಿದ ಮೇಲೆ ಹೆಸರಿನ ಪಕ್ಕ ‘ಟಿಎಂ’ ಎಂದು ಹಾಕಿಕೊಳ್ಳಬಹುದು. ವೃತ್ತದೊಳಗಿನ ‘ಆರ್’ ಗುರುತನ್ನು ಮಾತ್ರ ನೋಂದಣಿ ಕೈಗೆ ಬರುವ ಮುಂಚೆ ಹಾಕಬಾರದು, ಅದು ಕಾನೂನಿಗೆ ವಿರುದ್ಧ.

ಗಡಿಯಲ್ಲಿರುವ ನಮಗೆ ನೋಂದಣಿಯಿಂದ ಇನ್ನೊಂದು ಲಾಭವಿದೆ. ಗೌರಿಬಿದನೂರಿನ ತಂಡ ಹಿಂದೂಪುರಕ್ಕೆ ಹೋಗುತ್ತದೆ, ಮದನಪಲ್ಲಿಯ ತಂಡ ಚಿಂತಾಮಣಿಗೆ ಬರುತ್ತದೆ. ಹಾಡು ತೆಲುಗು, ಚೌಕಾಸಿ ಕನ್ನಡ, ಹೆಸರು ಎರಡೂ ಕಡೆ ಸಲ್ಲುವಂಥದ್ದು. ಪಾಸಿಂಗ್ ಆಫ್ ದಾವೆಯಲ್ಲಿ ಹೆಸರು ಎಲ್ಲೆಲ್ಲಿ ಗಳಿಸಿದ್ದೀರೆಂದು ತೋರಿಸಬೇಕಾಗುತ್ತದೆ, ನೋಂದಣಿ ಇಡೀ ದೇಶಕ್ಕೆ ಅನ್ವಯ. ಜೊತೆಗೆ ಟ್ರೇಡ್ ಮಾರ್ಕ್ ಕಾಯ್ದೆಯ 134ನೇ ಕಲಮಿನಂತೆ ನೋಂದಾಯಿತ ಹೆಸರಿನ ಒಡೆಯ ತಾನು ವಾಸಿಸುವ ಅಥವಾ ವ್ಯಾಪಾರ ಮಾಡುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಹಿಂದೂಪುರದಲ್ಲಿ ಹೆಸರು ನಕಲಾದರೆ ಗೌರಿಬಿದನೂರಿನವರು ಆಂಧ್ರದ ಕೋರ್ಟಿಗೆ ಅಲೆಯಬೇಕಿಲ್ಲ.

ತಂಡದೊಳಗಿನ ಒಪ್ಪಂದಕ್ಕೆ ದೊಡ್ಡ ದಸ್ತಾವೇಜೇನೂ ಬೇಡ. ಒಂದು ಸ್ಟಾಂಪ್ ಪೇಪರಿನಲ್ಲಿ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು. ಹೆಸರು ಒಬ್ಬರದೋ ಎಲ್ಲರದೋ, ಬಿಟ್ಟುಹೋದವರು ಅದನ್ನು ಬಳಸಬಹುದೋ ಇಲ್ಲವೋ, ‘ಹಿಂದೆ ಇಂಥ ತಂಡದಲ್ಲಿದ್ದೆ’ ಎಂದು ಹೇಳಿಕೊಳ್ಳಲು ಅಡ್ಡಿಯಿದೆಯೋ, ಹಿರಿಯರು ತೀರಿಕೊಂಡರೆ ಅವರ ಪಾಲು ಯಾರಿಗೆ. ಇವುಗಳ ಜೊತೆಗೆ ಈ ಕಾಲದ ಒಂದು ಸಾಲು ಕಡ್ಡಾಯ: ಡ್ರಮ್ಮಿನ ಮೇಲಿನ ಮೊಬೈಲ್ ನಂಬರು ಯಾರ ಹೆಸರಿನ ಸಿಮ್ಮು, ಯೂಟ್ಯೂಬ್ ಚಾನೆಲ್ಲು ಮತ್ತು ಇನ್‌ಸ್ಟಾಗ್ರಾಮಿನ ಪಾಸ್‌ವರ್ಡು ಯಾರ ಬಳಿ. ಗಿರಾಕಿ ಕರೆ ಮಾಡುವುದು ಆ ನಂಬರಿಗೆ. ನಂಬರು ಇಟ್ಟುಕೊಂಡವನು ಹೆಸರನ್ನೂ ಇಟ್ಟುಕೊಂಡಂತೆಯೇ. ಊರಿನ ಹುಡುಗನೊಬ್ಬ ಉತ್ಸಾಹದಿಂದ ತನ್ನ ಖಾತೆಯಲ್ಲಿ ತೆರೆದ ಚಾನೆಲ್ಲು ಲಕ್ಷಗಟ್ಟಲೆ ಜನ ನೋಡುವ ಮಟ್ಟಕ್ಕೆ ಬೆಳೆದ ಮೇಲೆ ಅದು ಯಾರದೆಂದು ಕೇಳಿದರೆ ಸ್ನೇಹ ಉಳಿಯುವುದಿಲ್ಲ. ಮೊದಲ ದಿನವೇ ಕೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವ ತಂಡಗಳು ತಿಳಿಯಬೇಕಾದ ಸಂಗತಿ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಅದರ 12ನೇ ಕಲಮಿನಂತೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮತ್ತು ಮಹಿಳೆಯರಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ನೆರವೆಂದರೆ ಕೇಸು ನಡೆಸುವುದಷ್ಟೇ ಅಲ್ಲ, ಕಾನೂನಿನ ಯಾವುದೇ ವಿಷಯದ ಬಗ್ಗೆ ಸಲಹೆಯೂ ಅದರಲ್ಲಿ ಸೇರಿದೆ. ಬಹುಪಾಲು ತಮಟೆ ಕಲಾವಿದರು, ಮಹಿಳಾ ಕೋಲಾಟ ಮತ್ತು ಭಜನಾ ತಂಡದವರು ಇದರ ವ್ಯಾಪ್ತಿಗೆ ನೇರವಾಗಿ ಬರುತ್ತಾರೆ. ಜಿಲ್ಲಾ ಪ್ರಾಧಿಕಾರದ ಕಚೇರಿ ಚಿಕ್ಕಬಳ್ಳಾಪುರದ ನ್ಯಾಯಾಲಯದಲ್ಲಿದೆ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಬಾಲ್ಯವಿವಾಹ, ಪೋಕ್ಸೊ, ಮೋಟಾರು ವಾಹನ ಕಾಯ್ದೆಗಳ ಬಗ್ಗೆ ಅವು ಹಳ್ಳಿಗಳಲ್ಲಿ ಕಾನೂನು ಅರಿವು ಶಿಬಿರ ಮಾಡುತ್ತಲೇ ಬಂದಿವೆ. ಲಗ್ನದ ಕಾಲ ಮುಗಿದು ತಂಡಗಳು ಬಿಡುವಾಗಿರುವ ಆಷಾಢದಲ್ಲಿ ಒಂದು ಶಿಬಿರವನ್ನು ವಾದ್ಯದವರಿಗಾಗಿ ಇಟ್ಟು, ಒಪ್ಪಂದದ ಕನ್ನಡ ನಮೂನೆಯನ್ನು ಅಲ್ಲೇ ಹಂಚಿ, ಸಹಿ ಹಾಕುವವರಿಗೆ ಅಲ್ಲೇ ಬರೆದುಕೊಡುವ ಏರ್ಪಾಡಾಗಲಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯ ಬಳಿ ತಂಡಗಳ ಪಟ್ಟಿ ಇದೆ. ಕರೆ ಕಳಿಸುವುದಕ್ಕೆ ಅಷ್ಟು ಸಾಕು.